ತೂಕ ಕೂಗುವವನು

“ಚಪ್ಪಲಿ ತೆಗಿ. ಚಪ್ಪಲಿದೂ ತೂಕ ಬತ್ತದೆ.”

ಸುಚಿತಾ ಚಪ್ಪಲಿ ಕಳಚಿ ಕಾಟಾದ ತಗಡಿನ ಮೇಲೆ ಕಾಲಿಟ್ಟಳು. ತಗಡು ಒದ್ದೆಯಾಗಿತ್ತು. ಆಗಷ್ಟೇ ಕೆಳಗಿಳಿಸಿದ ಬಂಗುಡೆ ಬುಟ್ಟಿಯ ನೀರು, ಅಲ್ಲಲ್ಲಿ ಅಂಟಿಕೊಂಡ ಹುರುಪೆ. ಜಾರಬಾರದೆಂದು ಅವಳು ಎರಡೂ ಕೈ ಅಗಲಿಸಿ ನಿಂತಳು.

“ಕೈ ಅಲ್ಲಾಡಿಸ್ಬೇಡ. ಅಂಕಿ ನಿಲ್ಲೂದಿಲ್ಲ.”

“ಬೇಗ ನೋಡು ಅಪ್ಪ.”

“ನಿಂತ್ತು, ನಿಂತ್ತು.”

ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿದು ನಿಂತವು. ದೇವಪ್ಪ ಬಗ್ಗಿ ನೋಡಿದ. ನೋಡಿದವನು ಕತ್ತೆತ್ತಿ, ಎದೆ ತುಂಬ ಗಾಳಿ ಎಳೆದುಕೊಂಡು, ಇಷ್ಟು ವರ್ಷ ಅದೇ ಜಾಗದಲ್ಲಿ ನಿಂತು ಕೂಗಿದ ಹಾಗೆಯೇ ಕೂಗಿಬಿಟ್ಟ:

“ಎಪ್ಪತ್ತೆಂಟೂ... ಇನ್ನೂರೂ!”

ಬಂದರಿನಲ್ಲಿ ತೂಕವನ್ನು ಯಾರೂ ಹೇಳುವುದಿಲ್ಲ, ಕೂಗುತ್ತಾರೆ. ಬರೆದುಕೊಳ್ಳುವ ಅರುಣ ಶೆಡ್ಡಿನ ಆ ತುದಿಯಲ್ಲಿ ಕೂತಿರುತ್ತಾನೆ. ನಡುವೆ ಐಸು ಪುಡಿ ಮಾಡುವ ಯಂತ್ರ, ಬೋಟುಗಳ ಇಂಜಿನ್ನು, ಕಾಗೆಗಳು, ಬುಟ್ಟಿಗಾಗಿ ಜಗಳವಾಡುವ ಹೆಂಗಸರು. ಇದನ್ನೆಲ್ಲ ದಾಟಿ ಒಂದೇ ಸಲಕ್ಕೆ ಅರುಣನ ಕಿವಿ ಮುಟ್ಟುವ ಗಂಟಲು ಇದೆಯೆಂದೇ ಏಜೆಂಟರು ದೇವಪ್ಪನನ್ನು ಕಾಟಾದ ಹತ್ತಿರ ನಿಲ್ಲಿಸಿದ್ದರು. ಅವನು ಕೂಗಿದ ಬೆನ್ನಿಗೇ ಹರಾಜು ಶುರುವಾಗಬೇಕು.

ಹರಾಜು ಕೂಗುವ ಉದಯ ಗಿರಾಕಿಗಳ ಕಡೆಗೇ ಮುಖ ಮಾಡಿಕೊಂಡಿದ್ದ. ತಿರುಗದೆಯೇ ಕೇಳಿದ, “ಎಂತ ಮೀನು ಮಾರಾಯ, ಒಂದೇ ಬುಟ್ಟೀಲಿ ಅಷ್ಟೊಂದು?”

“ಮೀನಲ್ಲ ಅದು, ದೇವಪ್ಪನ ಮಗಳು!” ಮೀನು ಮಾರುವ ಬಂಗಾರಿ ಅಂದಳು.

ಮೊದಲು ಹೆಂಗಸರ ಸಾಲು ನಕ್ಕಿತು. ಆಮೇಲೆ ಐಸಿನವರು. ಉದಯ ತಿರುಗಿ ನೋಡಿ “ಅಯ್ಯೋ ದೇವ್ರೆ” ಎಂದು ಹಣೆ ಹೊಡೆದುಕೊಂಡ. ಆದರೂ ನಾಲಗೆ ಸುಮ್ಮನಿರಲಿಲ್ಲ. “ಮತ್ತೆ ರೇಟು ಹೇಳುದಾ ಬ್ಯಾಡ್ದಾ?”

ದೇವಪ್ಪನೂ ನಕ್ಕ. ಕೂಗಿದ ಬಾಯಿ ಇನ್ನೂ ತೆರೆದೇ ಇತ್ತು. ಎಲ್ಲರೂ ನಗುತ್ತಿದ್ದರು. ಅವನೂ ನಕ್ಕ.

ಸುಚಿತಾ ಕಾಟಾದಿಂದ ಇಳಿದಳು. ಚಪ್ಪಲಿ ಮೆಟ್ಟಿದಳು. ಓಡಲಿಲ್ಲ. ಬುಟ್ಟಿಗಳ ನಡುವೆ, ಹಗ್ಗಗಳನ್ನು ದಾಟಿ, ರಸ್ತೆಯ ಕಡೆಗೆ ನಡೆದಳು. ದೇವಪ್ಪ “ಸುಚೀ” ಎಂದು ಕರೆಯುವಷ್ಟರಲ್ಲಿ ಮುಂದಿನ ಬುಟ್ಟಿ ತಗಡಿನ ಮೇಲೆ ಬಂದು ಕೂತಿತು. ಅವನು ಅದರ ತೂಕ ಕೂಗಿದ.

ಬಂದರಿನಲ್ಲಿ ಯಾರಿಗೂ ಗೊತ್ತಿಲ್ಲದ, ಅವನಿಗೆ ಮಾತ್ರ ಗೊತ್ತಿದ್ದ ಒಂದು ವಿಷಯವಿತ್ತು. ಮಳೆಗಾಲದ ಶುರುವಿನಲ್ಲಿ ಅವಳು ಎಂಬತ್ತೊಂದು ಕಿಲೋ ಇದ್ದಳು. ಇಳಿದದ್ದು ಹೌದೋ ಅಲ್ಲವೋ ನೋಡಬೇಕೆಂದು ಅವಳೇ ಆಸೆಪಟ್ಟು ಬಂದಿದ್ದಳು. ಇಳಿದಿತ್ತು.

*

ಮಧ್ಯಾಹ್ನ ಕಮಲಿ ಭಟ್ಕಳದ ಮೀನು ಪೇಟೆಯಿಂದ ಬಂದವಳು ಖಾಲಿ ಬುಟ್ಟಿಯನ್ನು ಬಾವಿಕಟ್ಟೆಯ ಮೇಲೆ ಕುಕ್ಕಿದಳು.

“ಎಲ್ಲಿ ಅವ?”

“ಉಣ್ತಾ ಇದ್ದಾರೆ ಅತ್ತೆ. ಎಂತ ಆತು?” ಎಂದಳು ಸೊಸೆ ಜಯಶ್ರೀ.

“ಎಂತ ಆತು ಅಂತ ನನ್ನ ಕೇಳ್ಬೇಡ, ಅವನ್ನ ಕೇಳು. ಬಂಗಾರಿ ಪೇಟೆಗೆ ಬಂದು ಹೇಳ್ತು. ಇಡೀ ಪೇಟೆ ನನ್ನ ಮುಖ ನೋಡಿ ನಗ್ತಾ ಇತ್ತು. ಮೊಮ್ಮಗಳನ್ನ ಮೀನಿನ ಕಾಟಾಕ್ಕೆ ಹಾಕಿ ಲಿಲಾವು ಮಾಡಿದ್ನಂತೆ ನನ್ನ ಮಗ!”

ಜಯಶ್ರೀ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನಿಂತಳು. ದೇವಪ್ಪ ಅನ್ನ ಕಲಸುತ್ತಲೇ ಇದ್ದ. ಸುಚಿತಾ ಒಳಕೋಣೆಯಲ್ಲಿದ್ದಳು, ಹೊಟ್ಟೆನೋವು ಎಂದು ಹೇಳಿ ಊಟಕ್ಕೆ ಎದ್ದಿರಲಿಲ್ಲ.

“ಅದಕ್ಕಾ ಹೊಟ್ಟೆನೋವು?” ಜಯಶ್ರೀ ಗಂಡನನ್ನು ಕೇಳಿದಳು. “ನಿಮಗೆ ಯಾರು ಹೇಳಿದ್ರು ಬಂದರಿಗೆ ಕರ್ಕಂಡು ಹೋಗೂಕೆ?”

“ಅವಳೇ ಕೇಳಿದ್ದು. ಭಾನುವಾರದ ಕ್ಲಾಸು ಮಾಡೂ ಹಾಲ್‌ನಲ್ಲಿ ಈ ವಾರ ಮದುವೆ, ಕ್ಲಾಸಿಲ್ಲ, ತೂಕ ನೋಡೂದಿಲ್ಲ ಅಂದ್ಳು. ಅಪ್ಪ, ನಿಮ್ಮ ಕಾಟಾದಲ್ಲಿ ನೋಡ್ವನಾ ಅಂದ್ಳು. ನಾ ಎಂತ ಬ್ಯಾಡ ಅನ್ನೂದಾ?”

“ನೋಡೂದು ಬೇರೆ, ಕೂಗೂದು ಬೇರೆ.”

“ಬಾಯಿ ತನ್ನಷ್ಟಕ್ಕೆ ಕೂಗ್ತು.”

“ಬಾಯಿ ಕೂಗ್ತು, ಆತು,” ಎಂದಳು ಕಮಲಿ. “ನಕ್ಕದ್ದು ಯಾರು?”

ದೇವಪ್ಪ ತುತ್ತನ್ನು ತಟ್ಟೆಗೇ ಬಿಟ್ಟ. “ಅಮ್ಮ, ನೀ ಸುಮ್ಮನಿರು.”

“ನಾ ಎಂತಕ್ಕೆ ಸುಮ್ಮನಿರ್ಲಿ?”

“ನೀವೂ ಹೆಚ್ಚು ಹೇಳೂದು ಬ್ಯಾಡ ಅತ್ತೆ,” ಎಂದಳು ಜಯಶ್ರೀ. ಅವಳಿಗೆ ಯಾರ ಮೇಲೆ ಸಿಟ್ಟು ಬಂದಿದೆಯೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. “ಎರಡು ವರ್ಷ ಅವಳ ಕುತ್ತಿಗೆ ತೆಂಗಿನ ನಾರಲ್ಲಿ ತಿಕ್ಕಿದ್ದು ಯಾರು?”

ಸುಚಿತಾಳ ಕುತ್ತಿಗೆಯ ಹಿಂದೆ ಒಂದು ಕಪ್ಪು ಪಟ್ಟಿ ಇತ್ತು. ಅದು ಕೊಳೆಯೆಂದು ಕಮಲಿ ವಾರವಾರವೂ ಅಭ್ಯಂಜನದ ದಿನ ಬಚ್ಚಲಲ್ಲಿ ಕೂರಿಸಿ, ಹುಡುಗಿ ಅಳುವ ತನಕ ತಿಕ್ಕುತ್ತಿದ್ದಳು. ಶಾಲೆಗೆ ತಪಾಸಣೆಗೆ ಬಂದ ಡಾಕ್ಟರು ನೋಡಿ, ಇದು ಕೊಳೆ ಅಲ್ಲ, ತೂಕ ಹೆಚ್ಚಾಗಿ ಸಕ್ಕರೆ ಕಾಯಿಲೆ ಹತ್ತಿರ ಬಂದಿದೆ ಅನ್ನುವುದರ ಗುರುತು ಅಂದಿದ್ದರು. ತೂಕ ಇಳಿಸುವ ಭಾನುವಾರದ ಕ್ಲಾಸಿಗೆ ಸೇರಿಸಿದ್ದು ಆಮೇಲೆ.

“ನಾ ಕೊಳೆ ಅಂದ್ಕಂಡೆ,” ಎಂದಳು ಕಮಲಿ, ಸಣ್ಣ ದನಿಯಲ್ಲಿ. ಮರುಗಳಿಗೆಗೆ ದನಿ ಮತ್ತೆ ದೊಡ್ಡದಾಯಿತು. “ಮತ್ತೆ ನೀ? ಶಾಲೇಲಿ ನೀ ಬೇಯಿಸಿದ ಬಿಸಿಯೂಟದ ಅನ್ನ ಡಬ್ಬದಲ್ಲಿ ತುಂಬಿಸ್ಕಂಡು ಬಂದು ಸಂಜೆ ಸಂಜೆ ಅವಳಿಗೆ ಬಡಿಸಿದ್ದು ನಾನಾ?”

“ಉಳಿದದ್ದು ಚೆಲ್ಲೂದಾ?”

“ಚೆಲ್ಬೇಕಿತ್ತು.”

ಒಳಕೋಣೆಯಿಂದ ಸುಚಿತಾ ಅಂದಳು, “ಸ್ವಲ್ಪ ಸಣ್ಣಕೆ ಕೂಗಿ. ಹೊರಗೆ ಕೇಳ್ತದೆ.”



*

ಕ್ಲಾಸು ನಡೆಸುತ್ತಿದ್ದವರು ಅರ್ಚನಾ ಎಂಬ ಆಹಾರತಜ್ಞೆ. ಜಾಲಿ ಊರಿನ ಹತ್ತಿರ ಒಂದು ಮದುವೆ ಹಾಲ್. ಹತ್ತು ಹನ್ನೆರಡು ಮಕ್ಕಳು, ಅವರ ತಾಯಂದಿರು. ಹಗ್ಗ ಹಾರುವುದು, ಹಾಡು ಹಾಕಿ ಕುಣಿಯುವುದು, ಆಮೇಲೆ ತಟ್ಟೆಯ ಪಾಠ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಅನ್ನ, ಕಾಲು ಭಾಗ ಮೀನು. ಮೀನು ಸಾರಿನದು, ಎಣ್ಣೆಯದಲ್ಲ. ಮಗುವಿಗೆ ಒಂದು ತಟ್ಟೆ, ಉಳಿದವರಿಗೆ ಇನ್ನೊಂದು ಎಂದು ಮಾಡಬಾರದು. ಮನೆಯವರೆಲ್ಲ ಅದನ್ನೇ ಉಣ್ಣಬೇಕು. ಖುಷಿಗೆ, ಬೇಸರಕ್ಕೆ, ಬಹುಮಾನಕ್ಕೆ ತಿಂಡಿ ಕೊಡಬಾರದು. ತೂಕವನ್ನು ಪರದೆಯ ಹಿಂದೆ ನೋಡಿ ಮಗುವಿಗೆ ಮಾತ್ರ ಹೇಳುತ್ತಿದ್ದರು. ಮನೆಯಲ್ಲಿ ತೂಗಬೇಡಿ ಎಂದೂ ಹೇಳಿದ್ದರು. ಜಯಶ್ರೀ ಕೇಳಿಸಿಕೊಂಡಿದ್ದಳು. ದೇವಪ್ಪ ಒಂದು ಭಾನುವಾರವೂ ಹೋಗಿರಲಿಲ್ಲ. ಭಾನುವಾರ ಮೀನಿಗೆ ಗಿರಾಕಿ ಜಾಸ್ತಿ.

ಮುಂದಿನ ಭಾನುವಾರ ಸುಚಿತಾ ಕ್ಲಾಸಿಗೆ ಹೋದಳು. ಸೋಮವಾರ ಶಾಲೆಗೂ ಹೋದಳು. ಶಾಲೆಯಲ್ಲಿ ಬಂದರಿನ ಕಡೆಯ ಹುಡುಗರಿದ್ದರು. ಹಾಜರಿ ಕರೆಯುವಾಗ ಟೀಚರು “ಸುಚಿತಾ” ಅಂದರೆ, ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, ರಾಗ ಎಳೆದು, “ಎಪ್ಪತ್ತೆಂಟೂ” ಅನ್ನುತ್ತಿದ್ದರು. ಅದು ದೇವಪ್ಪನದೇ ರಾಗ.

ಇದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಬೇರೆ ಹುಡುಗರ ತಾಯಂದಿರಿಂದ ಬಂದರಿಗೆ, ಬಂದರಿನಿಂದ ದೇವಪ್ಪನಿಗೆ ಗೊತ್ತಾಯಿತು. ಆ ದಿನ ಅವನ ಗಂಟಲಿಗೆ ಏನೋ ಆಯಿತು. ಕೂಗಿದರೆ ಅರುಣನಿಗೆ ಕೇಳಲಿಲ್ಲ.

“ಎಷ್ಟು?” ಅರುಣ ಅಲ್ಲಿಂದ ಕೇಳಿದ.

ದೇವಪ್ಪ ಮತ್ತೆ ಹೇಳಿದ.

“ಎಷ್ಟಾ ಮಾರಾಯ? ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿತಾ?”

ದೇವಪ್ಪ ಕಾಟಾ ಬಿಟ್ಟು ಶೆಡ್ಡಿನ ತುದಿಯವರೆಗೆ ನಡೆದು ಹೋಗಿ, ಅರುಣನ ಕಿವಿಯ ಹತ್ತಿರ ತೂಕ ಹೇಳಿ ಬಂದ. ಏಜೆಂಟರು ಎರಡು ಬುಟ್ಟಿ ನೋಡಿದರು, ಮೂರನೆಯದಕ್ಕೆ ಬೈದರು. “ಗುಟ್ಟು ಹೇಳೂಕೆ ಸಂಬಳ ಕೊಡ್ತೆನಾ ನಿಂಗೆ?”

ಆ ಸಂಜೆ ಅವನು ಸ್ಕೂಟರಿನಲ್ಲಿ ಮಗಳ ಟ್ಯೂಷನ್ ಗೇಟಿನ ಎದುರು ನಿಂತಿದ್ದ. ಸುಚಿತಾ ಗೆಳತಿಯರನ್ನು ಕಳಿಸಿ ಹತ್ತಿರ ಬಂದಳು.

“ಎಂತ ಅಪ್ಪ?”

“ಎಂತಿಲ್ಲ. ಈ ಕಡೆ ಬಂದಿದ್ದೆ.” ಬೇಕರಿಯ ಪೊಟ್ಟಣ ಚಾಚಿದ. ಒಳಗೆ ಬಿಸಿ ಬಿಸಿ ಚಿಕನ್ ಪಫ್ಸ್. “ನಿನಗೆ ಇಷ್ಟ ಅಲ್ದಾ.”

“ಮಿಸ್ಸು ಬ್ಯಾಡ ಅಂದಿದ್ದಾರೆ.”

“ಒಂದಕ್ಕೆ ಎಂತ ಆಗ್ತದೆ? ಅಮ್ಮನಿಗೆ ಹೇಳೂದು ಬ್ಯಾಡ.”

ಅವಳು ಪೊಟ್ಟಣ ನೋಡಿದಳು, ಅವನ ಮುಖ ನೋಡಿದಳು. ಅಲ್ಲೇ ನಿಂತು ತಿಂದಳು. ತಿಂದು ಮುಗಿಯುವ ತನಕ ದೇವಪ್ಪ ಸ್ಕೂಟರಿಗೆ ಒರಗಿ ನಿಂತಿದ್ದ. ಎಷ್ಟೋ ದಿನದ ಮೇಲೆ ಅವನಿಗೆ ಉಸಿರಾಡಲು ಸಲೀಸಾದ ಹಾಗಿತ್ತು. ಅವನ ಮನೆಯಲ್ಲಿ ಯಾರೂ ಯಾರ ಹತ್ತಿರವೂ ತಪ್ಪಾಯಿತು ಎಂದದ್ದಿಲ್ಲ. ಅವನ ಅಪ್ಪ ಕುಡಿದು ಗಲಾಟೆ ಮಾಡಿದ ಮರುದಿನ ದೊಡ್ಡ ಇಸ್ವಾಣ ಮೀನು ತರುತ್ತಿದ್ದ. ಅಮ್ಮ ಹೊಡೆದ ದಿನ ತಟ್ಟೆಯಲ್ಲಿ ಎರಡು ತುಂಡು ಹೆಚ್ಚು ಬೀಳುತ್ತಿತ್ತು. ಕೊಟ್ಟದ್ದನ್ನು ತಿಂದರೆ ವಿಷಯ ಮುಗಿಯಿತು.

ಮರುದಿನವೂ ಅವನು ಗೇಟಿನ ಎದುರು ನಿಂತಿದ್ದ.

*

ಮನೆಯಲ್ಲಿ ತಟ್ಟೆಯ ಪಾಠ ನಡೆದೇ ಇತ್ತು. ಜಯಶ್ರೀ ಬಿಸಿಯೂಟದ ಅನ್ನ ತರುವುದನ್ನು ನಿಲ್ಲಿಸಿದ್ದಳು. ಕಮಲಿ ಹರಿವೆ, ಬಸಳೆ, ಸೌತೆಕಾಯಿ ಎಂದು ಪೇಟೆಯಿಂದ ಹೊತ್ತು ತರುತ್ತಿದ್ದಳು. ಮೀನು ಮಾರಿ ಸೊಪ್ಪು ಕೊಂಡು ಬರುವವಳು ಎಂದು ಪೇಟೆಯಲ್ಲಿ ಅವಳಿಗೆ ಹೊಸ ಹೆಸರಾಯಿತು.

“ಇದು ಊಟವಾ, ದನದ ಕೊಟ್ಟಿಗೆಯಾ?” ಎಂದು ಕಮಲಿ ದಿನಾ ಕೇಳುತ್ತಿದ್ದಳು. ಕೇಳಿ ಉಣ್ಣುತ್ತಿದ್ದಳು. ಬಾಣಲೆಯಲ್ಲಿ ನೊಗ್ಲಿ ಮೀನು ಹುರಿದ ವಾಸನೆ ಪಕ್ಕದ ಮನೆಯಿಂದ ಬಂದರೆ ಕಿಟಕಿ ಹಾಕುತ್ತಿದ್ದಳು. “ಆ ಬದಿಯವ್ರಿಗೆ ಮೈಮೇಲೆ ಎಚ್ಚರ ಇಲ್ಲ.”

“ಅಜ್ಜಿ, ನಿಂಗೂ ಹುರಿದದ್ದು ಬೇಕು ಅಲ್ದಾ?” ಸುಚಿತಾ ನಗುತ್ತಿದ್ದಳು.

“ನಂಗಾ? ನಾ ನಿನ್ನ ಸಂಗ್ತಿಗೆ ತೆಳ್ಳಗಾಗ್ತೆ. ಆಮೇಲೆ ಇಬ್ಬರಿಗೂ ಗಂಡು ನೋಡ್ವ.”

ಬೆಳಿಗ್ಗೆ ಕಡಲ ದಂಡೆಯ ನಡಿಗೆಗೆ ಅಜ್ಜಿಯೇ ಜೊತೆ ಹೋಗುತ್ತಿದ್ದಳು. ಮೊದಲಿನ ದಾರಿ ಬಂದರಿನ ಪಕ್ಕದಿಂದ ಹೋಗುತ್ತಿತ್ತು. ಸುಚಿತಾ ಆ ದಾರಿ ಬಿಟ್ಟು ಗದ್ದೆಯ ಕಡೆಯಿಂದ ಸುತ್ತಿ ಹೋಗುತ್ತಿದ್ದಳು. ಕಮಲಿ ಯಾಕೆಂದು ಕೇಳಲಿಲ್ಲ. ಕಾಲುನೋವು ಎನ್ನುತ್ತ ಹಿಂದೆಯೇ ನಡೆದಳು.

ಹೀಗಿದ್ದೂ ತೂಕ ಏರಿತು. ಮೊದಲು ನಿಂತಿತು, ಆಮೇಲೆ ಏರಿತು. ಅಂಕಿ ಎಷ್ಟೆಂದು ಅರ್ಚನಾ ಜಯಶ್ರೀಗೆ ಹೇಳಲಿಲ್ಲ. ಮನೆಯಲ್ಲಿ ಏನಾದರೂ ಬದಲಾಗಿದೆಯಾ ಎಂದಷ್ಟೇ ಕೇಳಿದರು. ಅಷ್ಟರಿಂದಲೇ ಜಯಶ್ರೀಗೆ ತಿಳಿಯಿತು. ದಾರಿಯುದ್ದಕ್ಕೂ ಮಗಳ ಜೊತೆ ಮಾತಾಡದೆ ಬಂದು, ಅಂಗಳದಲ್ಲಿ ಮೀನು ಹೆರೆಯುತ್ತಿದ್ದ ಅತ್ತೆಯ ಎದುರು ನಿಂತಳು.

“ನೀವು ಅವಳಿಗೆ ಎಂತ ಕೊಡ್ತಾ ಇದ್ದೀರಿ?”

“ಯಾರಿಗೆ?”

“ಸುಚಿಗೆ. ನಾ ಶಾಲೆಗೆ ಹೋದ ಮೇಲೆ.”

“ನಾ ಎಂತ ಕೊಡೂದು? ಆ ಸೊಪ್ಪು.”

“ಸುಳ್ಳು ಹೇಳ್ಬೇಡಿ ಅತ್ತೆ. ತೂಕ ಏರಿದೆ. ಸೊಪ್ಪು ತಿಂದು ಏರ್ತದಾ? ನಿಮಗೆ ಅವಳ ಮುಖ ಸಣ್ಣಗಾದ್ರೆ ತಡೀಲಿಕ್ಕಾಗೂದಿಲ್ಲ. ಸಣ್ಣಿರುವಾಗಲೂ ಹೀಂಗೆ ಮಾಡಿದ್ದು ನೀವು. ನಾ ಬೈದರೆ ಅಡಗಿಸಿ ತಿನ್ನಿಸಿದ್ದು.”

ಕಮಲಿ ಮೀನಿನ ಕೈಯಲ್ಲೇ ಎದ್ದಳು. “ಇಡಗುಂಜಿ ಗಣಪತಿ ಆಣೆ. ಒಂದು ಚೂರು ಕೊಟ್ಟಿದ್ರೆ ನನ್ನ ನಾಲಗೆ ಬಿದ್ದು ಹೋಗ್ಲಿ.”

“ದೇವರನ್ನ ಎಂತಕ್ಕೆ ಎಳೀತೀರಿ?”

“ಮತ್ತೆ ಯಾರನ್ನ ಎಳೀಲಿ? ದೇವಪ್ಪಾ, ನೀ ಹೇಳು. ನಾ ಕೊಟ್ಟದ್ದು ನೀ ನೋಡಿದ್ಯಾ?”

ದೇವಪ್ಪ ಜಗಲಿಯಲ್ಲಿ ಸ್ಕೂಟರಿನ ಪ್ಲಗ್ಗು ಉಜ್ಜುತ್ತಿದ್ದ. ಉಜ್ಜುತ್ತಲೇ ಇದ್ದ.

“ಕೇಳೂದಿಲ್ವನಾ ನಿಂಗೆ?”

“ನಾ ಎಂತ ಹೇಳ್ಲಿ,” ಎಂದ ದೇವಪ್ಪ. “ನಾ ಮನೇಲಿ ಇರೂದಿಲ್ಲ ಅಲ್ದಾ.”

ಕಮಲಿ ಮಗನ ಕಡೆ ನೋಡಿದಳು. ಹೆರೆದ ಮೀನನ್ನೆಲ್ಲ ಬೋಗುಣಿ ಸಮೇತ ಸೊಸೆಯ ಕಾಲಬುಡದಲ್ಲಿಟ್ಟಳು. “ತಕೋ. ಇನ್ನು ಈ ಮನೆಯ ಒಲೆ ನಾ ಮುಟ್ಟೂದಿಲ್ಲ. ನಾ ಮುಟ್ಟಿದ್ರೆ ಗಾಳಿಯಲ್ಲೂ ತೂಕ ಏರ್ತದೆ ನಿಮಗೆ.”

ಅಂದಿನಿಂದ ಅವಳು ಹಿತ್ತಿಲ ಬಚ್ಚಲೊಲೆಯಲ್ಲಿ ತನ್ನ ಮಟ್ಟಿಗೆ ಗಂಜಿ ಬೇಯಿಸಿಕೊಂಡಳು. ಬೆಳಗಿನ ನಡಿಗೆಗೂ ಬರಲಿಲ್ಲ. ಸುಚಿತಾ ಒಬ್ಬಳೇ ಹೋಗಿ ಬಂದಳು. ದೇವಪ್ಪ ಹಿತ್ತಿಲ ಹೊಗೆ ನೋಡಿ ಎರಡು ಸಲ ಎದ್ದ. ಎರಡು ಸಲವೂ ಬಾವಿಯ ತನಕ ಹೋಗಿ, ನೀರು ಸೇದಿ, ಅಮ್ಮನ ಕೊಡ ತುಂಬಿಸಿಟ್ಟು ಬಂದ. ಹೇಳಬೇಕಾದದ್ದನ್ನು ಹೇಳಲಿಲ್ಲ. ಸಂಜೆ ಟ್ಯೂಷನ್ ಗೇಟಿಗೆ ಹೋಗುವುದನ್ನೂ ಬಿಡಲಿಲ್ಲ.

*

ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಮೂವರೂ ಊಟಕ್ಕೆ ಕೂತಿದ್ದರು. ಹಿತ್ತಿಲಿಂದ ಕಮಲಿ ಕೆಮ್ಮುವುದು ಕೇಳುತ್ತಿತ್ತು. ಹಸಿ ಸೌದೆಯ ಹೊಗೆ.

“ಅಜ್ಜಿಯನ್ನ ಒಳಗೆ ಕರಿ ಅಮ್ಮ,” ಎಂದಳು ಸುಚಿತಾ.

“ನಾ ಕರೆದೆ. ಬರೂದಿಲ್ಲ ಅಂತು.”

“ಅಜ್ಜಿ ಎಂತದೂ ಕೊಡ್ಲಿಲ್ಲ.”

“ಮತ್ತೆ ಯಾರು ಕೊಟ್ರು? ಕಾಗೆ ತಂದು ಹಾಕ್ತಾ?”

“ಅಪ್ಪ,” ಎಂದಳು ಸುಚಿತಾ.

ದೇವಪ್ಪ ತಟ್ಟೆ ನೋಡಿದ. ಜಯಶ್ರೀಗೆ ಮೊದಲು ಅರ್ಥವಾಗಲಿಲ್ಲ.

“ಅಪ್ಪ ಎಂತ?”

“ಟ್ಯೂಷನ್ ಹತ್ರ. ಪಫ್ಸ್. ದಿನಾ.”

ಜಯಶ್ರೀ ಗಂಡನನ್ನು ನೋಡಿದಳು. “ನಿಮ್ಮ ಅಮ್ಮ ಗಣಪತಿ ಮೇಲೆ ಆಣೆ ಹಾಕುವಾಗ ನೀವು ಅಲ್ಲೇ ಇದ್ರಿ.”

“ಹೌದು.”

“ಅಲ್ಲೇ ಕೂತಿದ್ರಿ. ಪ್ಲಗ್ಗು ಉಜ್ಜುತ್ತಾ.”

“ಹೌದು ಅಂದೆ ಅಲ್ದಾ!”

ಅವಳು ಮಗಳ ಕಡೆ ತಿರುಗಿದಳು. “ನೀ ಎಂತಕ್ಕೆ ತಿಂದೆ? ನಿಂಗೆ ಗೊತ್ತಿರ್ಲಿಲ್ವಾ? ಅಷ್ಟು ಕಷ್ಟಪಟ್ಟು ಇಳಿಸಿದವಳು ನೀ. ಬ್ಯಾಡ ಅನ್ನೂಕೆ ಬಾಯಿ ಇರ್ಲಿಲ್ವಾ?”

ಸುಚಿತಾ ಸೌತೆಕಾಯಿಯ ಹೋಳನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸಿದಳು. “ತಿನ್ನದಿದ್ರೆ ಅವ ಹೋಗೂದೇ ಇಲ್ಲ. ನನ್ನ ಮುಖ ನೋಡ್ಕಂಡು ಅಲ್ಲೇ ನಿಂತಿರ್ತ. ತಿಂದ್ರೆ ನಗ್ತ. ಸ್ಕೂಟರ್ ತಕಂಡು ಹೋಗ್ತ.”

ಹಿತ್ತಿಲಲ್ಲಿ ಕೆಮ್ಮು ನಿಂತಿತ್ತು. ಕಮಲಿ ಬಾಗಿಲ ಆಚೆ ಬಂದು ನಿಂತಿರಬೇಕು.

ದೇವಪ್ಪ ಕೈತೊಳೆದು ಬಂದು ಮಗಳ ಎದುರು ಕುಕ್ಕರಗಾಲಲ್ಲಿ ಕೂತ. “ಸುಚೀ, ಆ ಕ್ಲಾಸು ಬಿಟ್ಟುಬಿಡು. ಸಾಕು. ಸೊಪ್ಪೂ ಬ್ಯಾಡ, ಹಗ್ಗ ಹಾರೂದೂ ಬ್ಯಾಡ. ನೀ ಹ್ಯಾಂಗಿದ್ರೂ ನನ್ನ ಮಗಳೆ. ನಾಳೆಯಿಂದ ನಿನಗೆ ಬೇಕಾದ್ದು ತಿನ್ನು. ನಮ್ಮ ಮನೇಲಿ ಯಾರೂ ಒಂದು ಮಾತು ಆಡೂದಿಲ್ಲ.”

“ಡಾಕ್ಟರು ಹೇಳಿದ್ದು?” ಎಂದಳು ಜಯಶ್ರೀ. “ಕ್ಲಾಸು ಬಿಟ್ಟರೆ ಅವಳ ಸಕ್ಕರೆ ಬಿಡ್ತದಾ?”

“ಡಾಕ್ಟರು ಹೇಳ್ತಾರೆ. ಊರವರ ಬಾಯಲ್ಲಿ ಆಡಿಸ್ಕಳೂದು ಅವಳು.”

ಸುಚಿತಾ ತಟ್ಟೆ ಖಾಲಿ ಮಾಡಿ, ತೊಳೆದಿಟ್ಟು, ಇನ್ನೊಂದು ತಟ್ಟೆಗೆ ಅನ್ನ, ಸಾರು, ಪಲ್ಯ ಬಡಿಸಿಕೊಂಡು ಹಿತ್ತಿಲ ಬಾಗಿಲಿಗೆ ಹೋದಳು. “ಅಜ್ಜಿ, ತಕೋ. ನಿನ್ನ ಗಂಜಿ ತಳ ಹಿಡಿದದೆ, ವಾಸನೆ ಬತ್ತಾ ಇದೆ.”

ಕಮಲಿ ತಟ್ಟೆ ತೆಗೆದುಕೊಂಡಳು. ಮಗನ ಕಡೆ ನೋಡದೆ ಅಲ್ಲೇ ಹೊಸ್ತಿಲಲ್ಲಿ ಕೂತು ಉಂಡಳು. ಉಪ್ಪು ಕಡಿಮೆ ಅಂದಳು.

*

ಭಾನುವಾರ ಬೆಳಿಗ್ಗೆ ದೇವಪ್ಪ ಬಂದರಿಗೆ ಹೋಗಲಿಲ್ಲ. ಏಜೆಂಟರಿಗೆ ಫೋನು ಮಾಡಿ ಗಂಟಲು ಸರಿಯಿಲ್ಲ ಅಂದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮಿಂದ. ಯಾರದೋ ಮದುವೆಗೆ ಹೊಲಿಸಿದ್ದ ನೀಲಿ ಅಂಗಿ ಹಾಕಿದ. ಸ್ಕೂಟರಿನ ಸೀಟು ಒರೆಸಿ, ತಿರುಗಿಸಿ, ಅಂಗಳದ ಬಾಯಿಗೆ ಮುಖ ಮಾಡಿ ನಿಲ್ಲಿಸಿದ.

ಸುಚಿತಾ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತಿದ್ದಳು. ಜಯಶ್ರೀ ಒಳಗೆ ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಕಮಲಿ ಪೇಟೆಗೆ ಹೊರಟವಳು ಬುಟ್ಟಿ ಸೊಂಟಕ್ಕೆ ಒತ್ತಿಕೊಂಡು, ಹೊರಡದೆ, ತುಳಸಿಕಟ್ಟೆಯ ಹತ್ತಿರ ನಿಂತಳು.

“ಕೂರು,” ಎಂದ ದೇವಪ್ಪ. “ಇವತ್ತು ನಾನೂ ಬತ್ತೆ.”

ಸುಚಿತಾ ಇನ್ನೊಂದು ಬೂಟಿನ ಲೇಸಿಗೆ ಕೈಹಾಕಿದಳು.

“ಅಪ್ಪಂದಿರೂ ಬರ್ಬೇಕು ಅಂದಿದ್ರಂತಲ್ಲ ಮಿಸ್ಸು. ಹಾರು ಅಂದ್ರೆ ಹಾರ್ತೆ. ಕುಣಿ ಅಂದ್ರೆ ಕುಣೀತೆ. ಎಲ್ಲರೂ ನಗ್ಲಿ ಬೇಕಾದ್ರೆ.”

“ಬ್ಯಾಡ,” ಎಂದಳು ಸುಚಿತಾ.

“ಹಾಲ್ ತನಕ ಬಿಟ್ಟು ಬತ್ತೆ. ಒಳಗೆ ಬರೂದಿಲ್ಲ.”

“ಬ್ಯಾಡ.”

“ಬಿಸಿಲು ಅದೆ ಮಗಾ.”

ಅವಳು ಗಂಟು ಬಿಗಿದು ಎದ್ದಳು. ಪಾಯಿಜಾಮದ ಧೂಳು ಕೊಡವಿದಳು. ಸಿಟ್ಟು ಇರಲಿಲ್ಲ ಮುಖದಲ್ಲಿ, ಅಳುವೂ ಇರಲಿಲ್ಲ. “ಅಮ್ಮಾ, ನಾ ಮುಂದೆ ನಡೀತೆ. ನೀ ಹಿಂದಿಂದ ಬಾ,” ಎಂದು ಒಳಗೆ ಕೇಳುವ ಹಾಗೆ ಹೇಳಿದಳು.

ದೇವಪ್ಪ ಅಷ್ಟರಲ್ಲಿ ಸ್ಕೂಟರು ಚಾಲೂ ಮಾಡಿಯೇಬಿಟ್ಟಿದ್ದ. ಇಂಜಿನ್ನಿನ ಸದ್ದಿನಲ್ಲಿ ಅವಳು ಹಿಂದಿನ ಸೀಟಿನ ಪಕ್ಕದಿಂದ ದಾಟುವಾಗ ಅವನು ಆ ಸೀಟನ್ನು ಅಂಗೈಯಿಂದ ಎರಡು ಸಲ ತಟ್ಟಿದ.

“ನೀ ಬರೂದು ಬ್ಯಾಡ, ಅಪ್ಪ.”